ಕಠಿಣ ತರಗತಿ ಮತ್ತು ವಿದ್ಯಾರ್ಥಿಯ ಮನೋಭಾವ: ತಪ್ಪು ಕಲ್ಪನೆ ಮತ್ತು ಸತ್ಯ

ಓದಿನಲ್ಲಿ ಆಸಕ್ತಿಯನ್ನೇ ಕಳೆದುಕೊಂಡ ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಒಬ್ಬ ಉತ್ಸಾಹಿ ಶಿಕ್ಷಕ ತನ್ನ ಮಾತಿನ ಬಲದಿಂದಲೇ ಒಂದೆರಡು ವರ್ಷಗಳಲ್ಲಿ ಗಣಿತದ ನಿಪುಣರನ್ನಾಗಿ ಮಾಡಬಲ್ಲನೆಂಬ ನಂಬಿಕೆಗೆ 1988ರಲ್ಲಿ ತೆರೆಕಂಡ ‘ಸ್ಟ್ಯಾಂಡ್ ಅಂಡ್ ಡೆಲಿವರ್’ ಎಂಬ ಅಮೆರಿಕದ ಚಲನಚಿತ್ರ ಬಹಳಷ್ಟು ಬಲ ತಂದುಕೊಟ್ಟಿತು. ಬೊಲಿವಿಯಾದಲ್ಲಿ ಹುಟ್ಟಿ, ಪೂರ್ವ ಲಾಸ್ ಏಂಜಲೀಸ್‌ನ ಗಾರ್ಫೀಲ್ಡ್ ಪ್ರೌಢಶಾಲೆಯಲ್ಲಿ ದುಡಿಯುವ ವರ್ಗದ ಮೆಕ್ಸಿಕನ್ ಮೂಲದ ಮಕ್ಕಳಿಗೆ ಗಣಿತ ಕಲಿಸಿದ ಹೈಮೆ ಎಸ್ಕಲಾಂಟೆ ಅದರ ಕಥಾನಾಯಕ. ಚಿತ್ರದಲ್ಲಿ ಭಿನ್ನರಾಶಿಗೂ ತಡವರಿಸುವ ಮಕ್ಕಳು ನೋಡನೋಡುತ್ತಿದ್ದಂತೆ ಕಲನಶಾಸ್ತ್ರವನ್ನು, ಅಂದರೆ ನಿರಂತರವಾಗಿ ಬದಲಾಗುವ ಪರಿಮಾಣಗಳನ್ನು ಲೆಕ್ಕಹಾಕುವ ಗಣಿತವನ್ನು, ಕರಗತ ಮಾಡಿಕೊಳ್ಳುತ್ತಾರೆ.

ನಡೆದದ್ದು ಇದಕ್ಕಿಂತ ನಿಧಾನವಾದುದು, ಮತ್ತು ಅದೇ ಕಾರಣಕ್ಕೆ ಹೆಚ್ಚು ಗೌರವಕ್ಕೆ ಅರ್ಹವಾದುದು. ಎಸ್ಕಲಾಂಟೆ ಆ ಶಾಲೆಗೆ ಬಂದದ್ದು 1974ರಲ್ಲಿ. ಮೊದಲ ಕಲನಶಾಸ್ತ್ರ ತರಗತಿ ಆರಂಭವಾದದ್ದು 1978ರಲ್ಲಿ. ಆ ತರಗತಿಗೆ ಸೇರಿದ ಹದಿನಾಲ್ವರಲ್ಲಿ ಕೊನೆಯವರೆಗೆ ಉಳಿದವರು ಐವರು, ‘ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್’ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಇಬ್ಬರು ಮಾತ್ರ. ಪ್ರೌಢಶಾಲೆಯಲ್ಲಿರುವಾಗಲೇ ಕಾಲೇಜು ಮಟ್ಟದ ಪಾಠ ಕಲಿತವರು ಬರೆಯುವ ಈ ಪರೀಕ್ಷೆಯಲ್ಲಿ 1982ರಲ್ಲಿ ಗಾರ್ಫೀಲ್ಡ್‌ನ 18 ವಿದ್ಯಾರ್ಥಿಗಳು ತೇರ್ಗಡೆಯಾದಾಗ ಪರೀಕ್ಷಾ ಸಂಸ್ಥೆ ಅವರಲ್ಲಿ 14 ಮಂದಿಯ ಉತ್ತರಗಳ ಮೇಲೆ ಸಂದೇಹ ವ್ಯಕ್ತಪಡಿಸಿತು. ಮರುಪರೀಕ್ಷೆಗೆ ಕುಳಿತ 12 ಮಂದಿಯೂ ಮತ್ತೆ ತೇರ್ಗಡೆಯಾದರು. ಈ ಫಲಿತಾಂಶದ ಹಿಂದೆ ಬೀಜಗಣಿತ, ರೇಖಾಗಣಿತ ಮತ್ತು ತ್ರಿಕೋನಮಿತಿಗಳ ಅಡಿಪಾಯವನ್ನು ವರ್ಷವರ್ಷವೂ ಕಟ್ಟಿಕೊಂಡು ಬಂದ ವ್ಯವಸ್ಥೆ, ಶಾಲಾ ಅವಧಿಯ ಹೊರಗಿನ ಪಾಠ, ಸಹಶಿಕ್ಷಕರ ದುಡಿಮೆ ಹಾಗೂ ಪ್ರಾಂಶುಪಾಲ ಹೆನ್ರಿ ಗ್ರಾಡಿಲಾಸ್ ಅವರ ದೃಢ ಬೆಂಬಲ ಇದ್ದವೆಂಬುದನ್ನು ಚಲನಚಿತ್ರವಷ್ಟೇ ನೋಡಿದವರು ತಿಳಿಯಲಾರರು.

ಎರಡನೆಯ ತಪ್ಪು ಕಲ್ಪನೆ ಇನ್ನೂ ಆಳವಾದುದು: ಮೊದಲು ಮಗುವಿನಲ್ಲಿ ಆತ್ಮವಿಶ್ವಾಸ ತುಂಬಬೇಕು, ಕಠಿಣ ಪಾಠವನ್ನು ಆಮೇಲೆ ಕೊಡಬೇಕು ಎಂಬುದು. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ಮಂಡಿಸಿದ ‘ಸ್ವಸಾಮರ್ಥ್ಯದ ನಂಬಿಕೆ’ಯ ಸಿದ್ಧಾಂತ, ಅಂದರೆ ನಿರ್ದಿಷ್ಟ ಕೆಲಸವೊಂದನ್ನು ತಾನು ಮಾಡಬಲ್ಲೆನೆಂಬ ನಂಬಿಕೆ ಹೇಗೆ ಹುಟ್ಟುತ್ತದೆಂಬ ವಿವರಣೆ, ಈ ಕ್ರಮವನ್ನು ತಲೆಕೆಳಗು ಮಾಡುತ್ತದೆ. ಇತರರ ಪ್ರೋತ್ಸಾಹದ ನುಡಿ, ತನ್ನಂಥವರೇ ಗೆದ್ದುದನ್ನು ಕಾಣುವುದು, ಆತಂಕ ಅಥವಾ ಉಲ್ಲಾಸದಂಥ ದೇಹ–ಮನಸ್ಸಿನ ಸ್ಥಿತಿ, ಇವೆಲ್ಲಕ್ಕೂ ಆ ನಂಬಿಕೆಯಲ್ಲಿ ಪಾಲಿದೆಯಾದರೂ ಎಲ್ಲಕ್ಕಿಂತ ಪ್ರಬಲವಾದ ಮೂಲ ಸ್ವಂತ ಸಾಧನೆಯ ಅನುಭವವೇ. ಸುಲಭವಾದ ಲೆಕ್ಕವನ್ನು ಬಿಡಿಸಿ ಪಡೆದ ಹೊಗಳಿಕೆಯಿಂದ ತನ್ನ ಶಕ್ತಿಯ ಬಗ್ಗೆ ವಿದ್ಯಾರ್ಥಿಗೆ ಹೊಸದೇನೂ ತಿಳಿಯುವುದಿಲ್ಲ; ವಾರಗಟ್ಟಲೆ ಕಾಡಿದ ಲೆಕ್ಕವೊಂದು ತನ್ನ ಪ್ರಯತ್ನದಿಂದಲೇ ಬಿಡಿಸಿಕೊಂಡಾಗ ಮಾತ್ರ ‘ಗಣಿತ ತನ್ನಂಥವರಿಗಲ್ಲ’ ಎಂಬ ಹಳೆಯ ತೀರ್ಮಾನವನ್ನು ಅಲುಗಿಸುವ ಸಾಕ್ಷ್ಯ ಅವನ ಅಥವಾ ಅವಳ ಕೈಗೆ ಸಿಗುತ್ತದೆ. ಮಕ್ಕಳ ಮನಸ್ಸು ನೋಯಬಾರದೆಂಬ ಸದುದ್ದೇಶದಿಂದ ಪಾಠವನ್ನು ತೆಳುಗೊಳಿಸುವವರು ಈ ಸಾಕ್ಷ್ಯವನ್ನೇ ಮಕ್ಕಳಿಂದ ಕಸಿದುಕೊಳ್ಳುತ್ತಾರೆಂಬುದು ನೋವಿನ ಸಂಗತಿ.

ಕಷ್ಟವೆನಿಸಿತೆಂದರೆ ಕಲಿಕೆ ನಡೆಯುತ್ತಿಲ್ಲವೆಂದು ವಿದ್ಯಾರ್ಥಿಗಳೂ ಪೋಷಕರೂ ಭಾವಿಸುವುದುಂಟು. ನೆನಪಿನ ಸಂಶೋಧಕ ರಾಬರ್ಟ್ ಬ್ಯೋರ್ಕ್ ‘ಅಪೇಕ್ಷಣೀಯ ಕಷ್ಟಗಳು’ ಎಂದು ಕರೆದ ವಿಧಾನಗಳು, ಉದಾಹರಣೆಗೆ ಪುಸ್ತಕ ಮುಚ್ಚಿ ನೆನಪಿನಿಂದ ಉತ್ತರಿಸುವುದು ಅಥವಾ ದಿನಗಳ ಅಂತರ ಬಿಟ್ಟು ಅಭ್ಯಾಸ ಮಾಡುವುದು, ಆ ಹೊತ್ತಿಗೆ ಕಲಿಕೆಯನ್ನು ನಿಧಾನಗೊಳಿಸಿದರೂ ಕಲಿತದ್ದನ್ನು ಬಹುಕಾಲ ಉಳಿಸುತ್ತವೆ.

ಆದರೆ ತರಗತಿ ಕಠಿಣವಾದಷ್ಟೂ ಒಳ್ಳೆಯದೆಂಬ ತೀರ್ಮಾನಕ್ಕೆ ಬರುವುದೂ ತಪ್ಪೇ ಸರಿ. ಸಮಾನ ಸಾಮರ್ಥ್ಯದ ಇಬ್ಬರಲ್ಲಿ ಪ್ರತಿಭಾವಂತರೇ ತುಂಬಿದ ಶಾಲೆಗೆ ಸೇರಿದವರು ಸುತ್ತಲಿನವರೊಡನೆ ಹೋಲಿಸಿಕೊಂಡು ತಮ್ಮ ಬಗ್ಗೆ ಕೀಳಾಗಿ ಯೋಚಿಸುವ ಸಾಧ್ಯತೆ ಹೆಚ್ಚೆಂಬುದನ್ನು ಶಿಕ್ಷಣ ಮನೋವಿಜ್ಞಾನಿ ಹರ್ಬರ್ಟ್ ಮಾರ್ಷ್ 1980ರ ದಶಕದಿಂದ ನಡೆಸಿದ ಅಧ್ಯಯನಗಳು ತೋರಿಸಿವೆ. ಬುದ್ಧಿಶಕ್ತಿಯು ಪ್ರಯತ್ನದಿಂದ ಬೆಳೆಯುತ್ತದೆಂದು ಒಮ್ಮೆ ಹೇಳಿಬಿಟ್ಟರೆ ಸಾಕೆಂಬ ಭರವಸೆಗೂ ಮಿತಿಯಿದೆ. ಅಮೆರಿಕದ ಸುಮಾರು 12,000 ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳನ್ನು ಒಳಗೊಂಡು 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ವಿಚಾರವನ್ನು ತಿಳಿಸುವ ಒಂದು ಗಂಟೆಗೂ ಕಡಿಮೆಯ ಆನ್‌ಲೈನ್ ಪಾಠ ಓದಿನಲ್ಲಿ ಹಿಂದುಳಿದವರ ಅಂಕಗಳನ್ನು ಅಲ್ಪ ಪ್ರಮಾಣದಲ್ಲಷ್ಟೇ ಹೆಚ್ಚಿಸಿತು. ಸವಾಲನ್ನು ಎದುರಿಸುವುದು ಸಹಪಾಠಿಗಳ ನಡುವೆ ಸಹಜವೆನಿಸಿದ್ದ ಶಾಲೆಗಳಲ್ಲಿ ಆ ಪರಿಣಾಮ ಗಟ್ಟಿಯಾಗಿ ಉಳಿಯಿತು.

ಗಾರ್ಫೀಲ್ಡ್ ಶಾಲೆಯ ಮುಂದಿನ ಚರಿತ್ರೆಯೂ ಸುತ್ತಲಿನ ವಾತಾವರಣದ ಈ ಮಹತ್ವವನ್ನೇ ಬೇರೊಂದು ದಿಕ್ಕಿನಿಂದ ತೋರಿಸುತ್ತದೆ. 1987ರಲ್ಲಿ ಅಲ್ಲಿ ಕಲನಶಾಸ್ತ್ರದಲ್ಲಿ ತೇರ್ಗಡೆಯಾದವರ ಸಂಖ್ಯೆ 80ನ್ನು ದಾಟಿತ್ತು. ಅದೇ ವರ್ಷ ಗ್ರಾಡಿಲಾಸ್ ಶಾಲೆಯಿಂದ ಹೊರನಡೆದರು, 1991ರಲ್ಲಿ ಎಸ್ಕಲಾಂಟೆಯೂ ತೆರಳಿದರು. ಮುಂದಿನ ಕೆಲವೇ ವರ್ಷಗಳಲ್ಲಿ ಆ ಸಂಖ್ಯೆ ತೀವ್ರವಾಗಿ ಕುಸಿಯಿತು. ಆ ಬಡಾವಣೆಯ ಮಕ್ಕಳ ಸಾಮರ್ಥ್ಯ ಕುಂದಿದ್ದರಿಂದ ಹೀಗಾಯಿತೆನ್ನಲು ಯಾವ ಆಧಾರವೂ ಇಲ್ಲ. ಕುಂದಿದ್ದು ಅವರನ್ನು ಮೆಟ್ಟಿಲು ಮೆಟ್ಟಿಲಾಗಿ ಕಲನಶಾಸ್ತ್ರದವರೆಗೆ ಕರೆತರುತ್ತಿದ್ದ ವ್ಯವಸ್ಥೆ.