ಮುದ್ರೆಯೊತ್ತಿದವರ ಹೊಣೆ

ವಿಮಾನ ದುರಂತವೊಂದು ಸಂಭವಿಸಿದಾಗ ಜನರು ಚಾಲಕನನ್ನೋ, ವಿಮಾನ ಸಂಸ್ಥೆಯನ್ನೋ, ಯಂತ್ರವನ್ನು ತಯಾರಿಸಿದವರನ್ನೋ ದೂರುವುದು ಸಹಜ. ಆದರೆ ಆ ಯಂತ್ರವು ಹಾರಲು ಯೋಗ್ಯವೆಂದು ಮುದ್ರೆಯೊತ್ತಿದ ಸರ್ಕಾರಿ ಇಲಾಖೆಯೊಂದು ಇವರೆಲ್ಲರ ಹಿಂದೆ ಇದ್ದೇ ಇರುತ್ತದೆ. ಪರೀಕ್ಷಿಸಬೇಕಾದವರೇ ಸರಿಯಾಗಿ ಪರೀಕ್ಷಿಸದಿದ್ದರೆ ಅವರ ಮೇಲೆ ದಾವೆ ಹೂಡಬಹುದೆ? ಈ ಪ್ರಶ್ನೆಗೆ ಅಮೆರಿಕ ಮತ್ತು ಕೆನಡಾ ದೇಶಗಳ ನ್ಯಾಯಾಲಯಗಳು ಕೊಟ್ಟ ಉತ್ತರಗಳು ಮೇಲ್ನೋಟಕ್ಕೆ ಪರಸ್ಪರ ವಿರುದ್ಧ. ವಿವೇಚಿಸಿ ನೋಡಿದರೆ ಅಷ್ಟೇನೂ ಅಲ್ಲ.

1973ರ ಜುಲೈ 11ರಂದು ಬ್ರೆಜಿಲ್ ದೇಶದ ವಾರಿಗ್ ಸಂಸ್ಥೆಯ ಬೋಯಿಂಗ್ 707 ವಿಮಾನವು ರಿಯೊ ಡಿ ಜನೈರೊದಿಂದ ಪ್ಯಾರಿಸಿಗೆ ಬರುತ್ತಿದ್ದಾಗ ಹಿಂಭಾಗದ ಶೌಚಗೃಹದಲ್ಲಿ ಬೆಂಕಿ ಹತ್ತಿತು. ಹೊಗೆ ಒಳಗೆಲ್ಲ ತುಂಬಿತು. ಓರ್ಲಿ ನಿಲ್ದಾಣ ಕೆಲವೇ ಕಿಲೋಮೀಟರು ದೂರವಿರುವಾಗ ಚಾಲಕರು ವಿಮಾನವನ್ನು ಹೊಲವೊಂದರಲ್ಲಿ ಇಳಿಸಬೇಕಾಯಿತು. ಬದುಕಿ ಉಳಿದವರು 11 ಮಂದಿ ಮಾತ್ರ. ಮಡಿದವರು 120ಕ್ಕೂ ಹೆಚ್ಚು, ಬಹುಪಾಲು ಉಸಿರುಗಟ್ಟಿ.

ಶೌಚಗೃಹದ ಕಸದ ಡಬ್ಬಿಯೊಳಗೆ ಬೆಂಕಿ ಹತ್ತಿದರೂ ಅದು ಹೊರಗೆ ಹಬ್ಬದಂತಿರಬೇಕೆಂಬ ನಿಯಮ ಅಮೆರಿಕದಲ್ಲಿ ಮೊದಲಿನಿಂದಲೇ ಇತ್ತು. ಈ ಮಾದರಿಯ ವಿಮಾನಕ್ಕೆ ಅಲ್ಲಿನ ಸರ್ಕಾರ 1958ರಲ್ಲಿ ಅರ್ಹತಾ ಪತ್ರ ನೀಡಿತ್ತು. ನಿಯಮಕ್ಕೆ ಹೊಂದದ ಡಬ್ಬಿಯಿದ್ದ ವಿಮಾನಕ್ಕೆ ಪತ್ರ ಕೊಟ್ಟದ್ದು ನಿರ್ಲಕ್ಷ್ಯವೆಂದು ಮೃತರ ಬಂಧುಗಳೂ ವಾರಿಗ್ ಸಂಸ್ಥೆಯೂ ಅಮೆರಿಕ ಸರ್ಕಾರದ ಮೇಲೆ ದಾವೆ ಹೂಡಿದರು. ಕೆಳ ನ್ಯಾಯಾಲಯ ದಾವೆಯನ್ನು ತಳ್ಳಿತು, ಮೇಲ್ಮನವಿಯ ನ್ಯಾಯಾಲಯ ಎತ್ತಿಹಿಡಿಯಿತು. ಕಡೆಗೆ 1984ರ ಜೂನ್ 19ರಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಸರ್ವಾನುಮತದಿಂದ ಸರ್ಕಾರದ ಪರವಾಗಿ ತೀರ್ಪಿತ್ತಿತು.

ತೀರ್ಪಿನ ತಿರುಳು ಇದು. 1946ರ ಕಾಯಿದೆಯೊಂದರ ಪ್ರಕಾರ ಅಮೆರಿಕದಲ್ಲಿ ಸರ್ಕಾರಿ ನೌಕರರ ನಿರ್ಲಕ್ಷ್ಯಕ್ಕಾಗಿ ಸರ್ಕಾರದ ಮೇಲೆ ದಾವೆ ಹೂಡಬಹುದು. ಆದರೆ ಅಧಿಕಾರಿಗಳ ವಿವೇಚನೆಗೆ ಬಿಟ್ಟ ಕಾರ್ಯಗಳಿಗೆ ಅದು ಅನ್ವಯಿಸುವುದಿಲ್ಲ. ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್ ಎಂಬ ಇಲಾಖೆಯಲ್ಲಿ ಈ ಕೆಲಸಕ್ಕಿದ್ದ ಎಂಜಿನಿಯರುಗಳು 400ಕ್ಕಿಂತಲೂ ಕಡಿಮೆ. ಅವರು ಪ್ರತಿಯೊಂದು ಮೊಳೆಯನ್ನೂ ಮುಟ್ಟಿ ನೋಡಲಾರರು. ಶಾಲೆಗೆ ಬಂದ ಇನ್ಸ್‌ಪೆಕ್ಟರು ತರಗತಿಯ ಎಲ್ಲ ಕಾಪಿ ಪುಸ್ತಕಗಳನ್ನೂ ಓದದೆ ನಾಲ್ಕನ್ನು ಎತ್ತಿ ನೋಡುವಂತೆ, ಅವರೂ ಆಯ್ದ ಭಾಗಗಳನ್ನು ಮಾತ್ರ ನೋಡುತ್ತಿದ್ದರು. ನಿಯಮಪಾಲನೆಯ ಮೊದಲ ಹೊಣೆ ತಯಾರಕನದು. ಎಷ್ಟು ನೋಡಬೇಕು, ಯಾವುದನ್ನು ಬಿಡಬೇಕು ಎಂಬುದು ನೀತಿಯ ನಿರ್ಧಾರ. ಅದನ್ನು ನ್ಯಾಯಾಧೀಶರು ವಿಮರ್ಶಿಸುವಂತಿಲ್ಲ.

ತರ್ಕವೇನೋ ಬಿಗಿಯಾಗಿಯೇ ಇದೆ. ಆದರೆ ತಯಾರಕನ ನೌಕರರೇ ಇಲಾಖೆಯ ಪ್ರತಿನಿಧಿಗಳಾಗಿ ಸಹಿ ಹಾಕುವ ಪದ್ಧತಿಯೂ ಇದರೊಡನೆ ಬೆಳೆಯಿತೆಂಬುದನ್ನು ಮರೆಯಲಾಗದು. 2018 ಮತ್ತು 2019ರಲ್ಲಿ ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳೆರಡು ಬಿದ್ದು 346 ಮಂದಿ ಮಡಿದ ಬಳಿಕವಷ್ಟೆ, 2020ರ ಡಿಸೆಂಬರಿನಲ್ಲಿ, ಅಲ್ಲಿನ ಶಾಸನಸಭೆ ಈ ಪದ್ಧತಿಯನ್ನು ಬಿಗಿಗೊಳಿಸಿತು.

ವಾರಿಗ್ ತೀರ್ಪು ಬಂದ ವರ್ಷವೇ, 1984ರ ಅಕ್ಟೋಬರ್ 19ರ ರಾತ್ರಿ, ಕೆನಡಾದ ಆಲ್ಬರ್ಟಾ ಪ್ರಾಂತದಲ್ಲಿ ವಾಪಿಟಿ ಎಂಬ ಚಿಕ್ಕ ಸಂಸ್ಥೆಯ ವಿಮಾನವು ಹೈ ಪ್ರೇರಿ ಊರಿನ ಬಳಿ ಗುಡ್ಡಕ್ಕೆ ಅಪ್ಪಳಿಸಿತು. ಇದ್ದ ಹತ್ತು ಮಂದಿಯಲ್ಲಿ ಆರು ಮಂದಿ ಸತ್ತರು. ಪ್ರಾಂತದ ವಿರೋಧ ಪಕ್ಷದ ನಾಯಕ ಗ್ರಾಂಟ್ ನಾಟ್ಲಿ ಅವರಲ್ಲೊಬ್ಬರು. ಹವೆ ಕೆಟ್ಟಿತ್ತು, ಚಾಲಕ ಒಬ್ಬನೇ ಇದ್ದನು. ಈ ಸಂಸ್ಥೆ ನಿಯಮಗಳನ್ನು ಮೀರುತ್ತಿದೆ, ಚಾಲಕರ ಮೇಲೆ ಒತ್ತಡ ಹೇರುತ್ತಿದೆ ಎಂಬ ದೂರುಗಳು ಸಾರಿಗೆ ಇಲಾಖೆಗೆ ಮೊದಲೇ ಬಂದಿದ್ದವು. ಹೀಗೆಯೇ ಬಿಟ್ಟರೆ ಸಾವು ಸಂಭವಿಸುವುದು ಖಂಡಿತವೆಂದು ಇಲಾಖೆಯೊಳಗಿನವರೇ ಬರೆದಿಟ್ಟಿದ್ದರು. ಎಚ್ಚರಿಕೆಯ ಮಾತುಗಳಾಚೆಗೆ ಪರಿಣಾಮಕಾರಿಯಾದ ಕ್ರಮವೇನೂ ನಡೆಯಲಿಲ್ಲ.

ಮೃತರಿಬ್ಬರ ಕುಟುಂಬಗಳು ಹೂಡಿದ ದಾವೆಯಲ್ಲಿ ಕೆನಡಾದ ಫೆಡರಲ್ ಮೇಲ್ಮನವಿ ನ್ಯಾಯಾಲಯವು 1991ರಲ್ಲಿ ಸರ್ಕಾರವನ್ನೂ ಹೊಣೆ ಮಾಡಿತು. ನಷ್ಟದ ಮೂರನೆಯ ಒಂದು ಪಾಲು ಸರ್ಕಾರದ ತಲೆಗೆ ಬಂದಿತು. ತನಿಖಾಧಿಕಾರಿಗಳು ನೀತಿಯನ್ನು ರೂಪಿಸುವವರಲ್ಲ, ರೂಪಿತವಾದ ನೀತಿಯನ್ನು ಜಾರಿಗೆ ತರುವವರು. ಕಣ್ಣೆದುರಿನ ಅಪಾಯವನ್ನು ತಿಳಿದೂ ಸುಮ್ಮನಿರುವುದು ವಿವೇಚನೆಯೆನಿಸದು ಎಂಬುದು ನ್ಯಾಯಾಲಯದ ನಿಲುವು. ಅಲ್ಲಿ ಕಾಣದೆ ಹೋದದ್ದು, ಇಲ್ಲಿ ಕಂಡೂ ಬಿಟ್ಟದ್ದು; ಎರಡು ತೀರ್ಪುಗಳ ನಡುವಣ ಗೆರೆ ಇದೇ ಎಂದು ನನಗೆ ತೋರುತ್ತದೆ.

ನಮ್ಮ ದೇಶದ 1934ರ ವಿಮಾನ ಕಾಯಿದೆಯ 18ನೆಯ ಪ್ರಕರಣವು ಸದ್ಭಾವನೆಯಿಂದ ಮಾಡಿದ ಕಾರ್ಯಕ್ಕಾಗಿ ಯಾರ ಮೇಲೂ ದಾವೆ ಸಲ್ಲದೆಂದು ವಿಧಿಸಿತ್ತು. 2025ರ ಜನವರಿ 1ರಿಂದ ಆ ಕಾಯಿದೆಯ ಸ್ಥಾನದಲ್ಲಿ ಭಾರತೀಯ ವಾಯುಯಾನ ಅಧಿನಿಯಮ ಜಾರಿಗೆ ಬಂದಿದೆ. ಪರಿಹಾರದ ದಾವೆಗಿಂತ ಭಿನ್ನವಾದ ಇನ್ನೊಂದು ದಾರಿ ಉಚ್ಚ ನ್ಯಾಯಾಲಯಕ್ಕೆ ಸಲ್ಲಿಸುವ ರಿಟ್ ಅರ್ಜಿ. ಮಂಗಳೂರಿನ ಎರಡನೆಯ ಓಡುದಾರಿಯ ಸುರಕ್ಷತೆಯನ್ನು ಪ್ರಶ್ನಿಸಿ 1997ರಲ್ಲಿಯೂ ಅನಂತರವೂ ನಾಗರಿಕರು ಇಂಥ ಅರ್ಜಿಗಳನ್ನು ಸಲ್ಲಿಸಿದ್ದರು. ಅವು ವಜಾ ಆದವು. 2010ರ ಮೇ 22ರಂದು ಅದೇ ಓಡುದಾರಿಯಿಂದ ಜಾರಿದ ವಿಮಾನದಲ್ಲಿ 158 ಮಂದಿ ಅಸುನೀಗಿದರು. ವಿಚಾರಣಾ ಮಂಡಲಿಯು ಕಾರಣವನ್ನು ಮುಖ್ಯವಾಗಿ ಚಾಲಕನ ತಪ್ಪಿನಲ್ಲಿ ಕಂಡಿತೆಂಬುದನ್ನೂ ಇಲ್ಲಿ ಹೇಳಬೇಕು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದು ಕುಟುಂಬಕ್ಕೆ 7.64 ಕೋಟಿ ರೂಪಾಯಿ ಪರಿಹಾರ ವಿಧಿಸಿದಾಗ ಆ ಹಣವನ್ನು ತೆರಬೇಕಾದುದು ವಿಮಾನ ಸಂಸ್ಥೆ, ನಿಯಂತ್ರಕ ಇಲಾಖೆಯಲ್ಲ.