ಗಣಕ ಸ್ಥಳ ಬದಲಿಸಿದರೆ ಜಾಲವೂ ಜತೆಗೆ ಸಾಗಬೇಕು

1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮಣಿಪಾಲದಲ್ಲಿ ಬೆಳೆದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕ್‌ನಲ್ಲಿ ವಿಲೀನವಾಯಿತು. ಕಾಪು, ಕಾರ್ಕಳದ ಗ್ರಾಹಕರ ಲೆಕ್ಕ ಇಂದು ಶಾಖೆಯ ಲೆಡ್ಜರಿನಲ್ಲಿಲ್ಲ. ದೂರದ ಡೇಟಾ ಸೆಂಟರ್‌ನಲ್ಲಿದೆ.

ಆಧುನಿಕ ಡೇಟಾ ಸೆಂಟರ್‌ಗಳಲ್ಲಿ ಒಂದೇ ಸರ್ವರ್ ಹತ್ತಾರು ವರ್ಚುವಲ್ ಗಣಕಗಳನ್ನು ಹೊರಬಲ್ಲದು. ಹೊರೆ ಹೆಚ್ಚಿದಾಗ ಅವು ಚಾಲನೆಯಲ್ಲಿರುವಂತೆಯೇ ಮತ್ತೊಂದು ಸರ್ವರ್‌ಗೆ ಸಾಗುತ್ತವೆ. ಆದರೆ ಅವುಗಳ ಜಾಲ ಸಂಪರ್ಕ, ಫೈರ್‌ವಾಲ್ ನಿಯಮಗಳು ಹಿಂಬಾಲಿಸದಿದ್ದರೆ ಗಣಕ ಓಡುತ್ತಿದ್ದರೂ ಶಾಖೆಗೆ ಎಟುಕದು. ಸಿಬ್ಬಂದಿ ಒಂದೊಂದೇ ಸ್ವಿಚ್ಚನ್ನು ತಿದ್ದುವ ಬದಲು ಕೇಂದ್ರೀಯ ತಂತ್ರಾಂಶವೇ ಈ ನಿಯಮಗಳನ್ನು ಕೊಂಡೊಯ್ಯುವುದೇ ಸ್ವಯಂಚಾಲಿತ ಜಾಲ ನಿರ್ವಹಣೆ.

ವೇಗದೊಂದಿಗೆ ಅಪಾಯವೂ ಇದೆ. 2021ರ ಅಕ್ಟೋಬರ್ 4ರಂದು ತಪ್ಪು ಆದೇಶವನ್ನು ತಡೆಯಬೇಕಿದ್ದ ತಂತ್ರಾಂಶವೇ ವಿಫಲವಾಗಿ, ಫೇಸ್‌ಬುಕ್ ಸುಮಾರು 6 ಗಂಟೆ ಸ್ತಬ್ಧವಾಯಿತು. ಆದುದರಿಂದ ಆದೇಶವನ್ನು ಮೊದಲು ಪರೀಕ್ಷಿಸಿ, ಹಂತಹಂತವಾಗಿ ಜಾರಿಗೊಳಿಸಿ, ಹಿಂದಿನ ಸ್ಥಿತಿಗೆ ಮರಳುವ ದಾರಿಯನ್ನು ತೆರೆದಿಡುವುದು ಅನಿವಾರ್ಯ.