ಸಂಬಳದ ಪಟ್ಟಿ ಹಿಡಿದು ವಾದಿಸುವ ಅಭಿಮಾನಿಗಳು

ಅಮೆರಿಕದಲ್ಲಿ ಬೇಸ್‌ಬಾಲ್ ಪಂದ್ಯಗಳು ನಡೆಯುವುದು ಮಾರ್ಚ್ ತಿಂಗಳ ಕೊನೆಯಿಂದ ಅಕ್ಟೋಬರ್ ಅಂತ್ಯದವರೆಗೆ. ಆದರೆ ಆ ಆಟದ ಬಗೆಗಿನ ಅತ್ಯಂತ ಬಿರುಸಿನ ವಾಗ್ವಾದ ಏಳುವುದು ಮೈದಾನಗಳು ಖಾಲಿ ಬಿದ್ದಿರುವ ಚಳಿಗಾಲದಲ್ಲಿ. ಯಾವ ಆಟಗಾರನಿಗೆ ಎಷ್ಟು ವರ್ಷಗಳ ಕರಾರು ಕೊಡಬೇಕು, ಯಾರನ್ನು ಬಿಟ್ಟುಕೊಟ್ಟು ಯಾರನ್ನು ಪಡೆಯಬೇಕು, ಮಾಲೀಕರು ಕೈ ಬಿಗಿ ಹಿಡಿದಿರುವುದೇಕೆ, ವ್ಯವಸ್ಥಾಪಕರನ್ನು ಇನ್ನೂ ಏಕೆ ಇಟ್ಟುಕೊಂಡಿದ್ದಾರೆ ಎಂಬಿವೇ ಆಗಿನ ಚರ್ಚೆಯ ವಿಷಯಗಳು. ತಮ್ಮೂರಿನ ತಂಡದ ಸಂಬಳದ ಪಟ್ಟಿಯನ್ನು ಬಾಯಿಪಾಠ ಒಪ್ಪಿಸಬಲ್ಲ ಅಭಿಮಾನಿಗಳಿಗೆ ಅಲ್ಲಿ ಕೊರತೆಯಿಲ್ಲ.

ಬೇಸ್‌ಬಾಲಿನ ಗಂಧಗಾಳಿಯಿಲ್ಲದ ನಮ್ಮ ಸದಸ್ಯರಿಗೆ ಇದರಿಂದ ಏನು ಪ್ರಯೋಜನವೆಂಬ ಪ್ರಶ್ನೆ ಸಹಜ. ಯಾವ ಸಾಮಾನ್ಯ ವ್ಯಾಪಾರದಲ್ಲಿಯೂ ಗಿರಾಕಿಗಳಿಗೆ ಅಂಗಡಿಯವನ ಸಂಬಳದ ಖಾತೆ ಕಾಣುವುದಿಲ್ಲ. ಇಲ್ಲಿ ಮಾತ್ರ ಪ್ರತಿ ಕೆಲಸಗಾರನ ಸಂಬಳ, ಕರಾರಿನ ಅವಧಿ, ಅವನ ಸಾಮರ್ಥ್ಯದ ಅಂಕಿಅಂಶ, ಸಂಸ್ಥೆ ತೆತ್ತ ತೆರಿಗೆ ಎಲ್ಲವೂ ಪತ್ರಿಕೆಗಳಲ್ಲಿ ಅಚ್ಚಾಗುತ್ತವೆ. ಒಂದು ನಿರ್ಧಾರವನ್ನು ತೆಗೆದುಕೊಂಡ ದಿನವೂ ಗೊತ್ತು, ಅದರ ಫಲ ಬಂದ ದಿನವೂ ಗೊತ್ತು. ಹಣದ ನಿರ್ಧಾರಗಳನ್ನು ಹೀಗೆ ಹಗಲು ಬೆಳಕಿನಲ್ಲಿ ನೋಡುವ ಅವಕಾಶ ಅಪರೂಪ.

ಮೊದಲು ನಿಯಮಗಳನ್ನು ತಿಳಿಯಬೇಕು. ಅಲ್ಲಿನ ಪ್ರಧಾನ ಲೀಗಿನಲ್ಲಿ 30 ತಂಡಗಳಿದ್ದು, ಪ್ರತಿ ತಂಡವೂ ಋತುವಿಗೆ 162 ಪಂದ್ಯಗಳನ್ನು ಆಡುತ್ತದೆ. ನಮ್ಮ ಐಪಿಎಲ್‌ನಲ್ಲಿ 2025ರ ಆವೃತ್ತಿಯ ಹರಾಜಿಗೆ ತಂಡವೊಂದಕ್ಕೆ 120 ಕೋಟಿ ರೂಪಾಯಿಗಳ ಮಿತಿಯಿತ್ತು. ಅದನ್ನು ದಾಟುವಂತೆಯೇ ಇರಲಿಲ್ಲ. ಅಲ್ಲಿ ಅಂಥ ಕಟ್ಟುನಿಟ್ಟಿನ ಮಿತಿಯಿಲ್ಲ. ಬದಲಿಗೆ ಒಂದು ಮೊತ್ತವನ್ನು ಗೊತ್ತುಪಡಿಸಿ, ಸಂಬಳದ ಪಟ್ಟಿ ಅದನ್ನು ಮೀರಿದರೆ ಮೀರಿದ ಭಾಗದ ಮೇಲೆ ತೆರಿಗೆ ವಿಧಿಸಲಾಗುತ್ತದೆ. ಸತತವಾಗಿ ಮೀರಿದರೆ ತೆರಿಗೆಯ ದರ ಏರುತ್ತದೆ. ಒಂದು ವರ್ಷ ಮಿತಿಯೊಳಗೆ ಬಂದರೆ ದರ ಮತ್ತೆ ಕೆಳಗಿನ ಮೆಟ್ಟಿಲಿಗೆ ಇಳಿಯುತ್ತದೆ. ಆಟಗಾರನಿಗೆ ಮೊದಲ ಸುಮಾರು ಮೂರು ವರ್ಷ ಹೆಚ್ಚು ಕಡಿಮೆ ಕನಿಷ್ಠ ವೇತನ, ಆನಂತರ ಪಂಚಾಯಿತಿಯ ಮೂಲಕ ತೀರ್ಮಾನವಾಗಬಹುದಾದ ವೇತನ. ಆರು ವರ್ಷಗಳ ಸೇವೆ ಮುಗಿದರೆ ಅವನು ಸ್ವತಂತ್ರ, ಯಾವ ತಂಡಕ್ಕಾದರೂ ಹೋಗಬಹುದು. ಒಮ್ಮೆ ಸಹಿ ಬಿದ್ದ ಕರಾರಿನ ಹಣವನ್ನು ಆಟಗಾರನು ಗಾಯಗೊಂಡರೂ, ಆಟ ಕುಂದಿದರೂ ಕೊಡಲೇಬೇಕು. ‘ಟ್ರೇಡ್’ ಎಂದರೆ ಇಂಥ ಕರಾರುಗಳನ್ನೇ ಒಂದು ತಂಡ ಇನ್ನೊಂದಕ್ಕೆ ವರ್ಗಾಯಿಸುವ ಸಾಟಿ ವ್ಯಾಪಾರ.

ಬಾಸ್ಟನ್ನಿನ ವಿನಿಮಯ

ಕಳೆದ ಕೆಲವು ವರ್ಷಗಳಲ್ಲಿ ಅಭಿಮಾನಿಗಳನ್ನು ಅತಿಯಾಗಿ ಕೆರಳಿಸಿದ ವಿನಿಮಯ ನಡೆದದ್ದು 2020ರ ಫೆಬ್ರವರಿಯಲ್ಲಿ, ಬಾಸ್ಟನ್ ರೆಡ್ ಸಾಕ್ಸ್ ತಂಡದಲ್ಲಿ. ಈ ತಂಡ 2018ರಲ್ಲಿ 108 ಪಂದ್ಯಗಳನ್ನು ಗೆದ್ದು ವಿಶ್ವ ಸರಣಿಯನ್ನೂ ಗೆದ್ದಿತ್ತು. ಆ ವರ್ಷ ಲೀಗಿನಲ್ಲಿ ಅತಿ ಹೆಚ್ಚು ಸಂಬಳ ಕೊಟ್ಟ ತಂಡವೂ ಅದೇ. ಮೂಕಿ ಬೆಟ್ಸ್ ಎಂಬ ಆಟಗಾರ ಆ ವರ್ಷದ ಅತ್ಯುತ್ತಮನೆಂಬ ಪ್ರಶಸ್ತಿ ಪಡೆದಿದ್ದ. ಮರುವರ್ಷ ಗೆಲುವುಗಳು 84ಕ್ಕೆ ಇಳಿದವು. ಖರ್ಚು ಮಾಡಿ ಗೆಲ್ಲಿಸಿದ್ದ ಮುಖ್ಯಸ್ಥ ಡೇವ್ ಡೊಂಬ್ರೌಸ್ಕಿ ಅವರನ್ನು 2019ರ ಸೆಪ್ಟೆಂಬರಿನಲ್ಲಿ ಮನೆಗೆ ಕಳುಹಿಸಿ, ಕಡಿಮೆ ಖರ್ಚಿನ ಟ್ಯಾಂಪಾ ಬೇ ತಂಡದಲ್ಲಿ ಪಳಗಿದ್ದ ಹೈಮ್ ಬ್ಲೂಮ್ ಅವರನ್ನು ಕರೆತರಲಾಯಿತು. ತಂಡದ ಪ್ರಧಾನ ಮಾಲೀಕ ಜಾನ್ ಹೆನ್ರಿ ಮೂಲತಃ ಸೋಯಾಬೀನ್ ಬೆಳೆಯುವ ಕುಟುಂಬದವರು. ಸರಕುಗಳ ವಾಯಿದೆ ವ್ಯಾಪಾರದಲ್ಲಿ ಹಣ ಗಳಿಸಿದವರು. ಬೆಲೆ ಇರುವಾಗಲೇ ಮಾರಬೇಕೆಂಬುದು ಅವರಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ.

ಲೆಕ್ಕ ಹೀಗಿತ್ತು. ತೆರಿಗೆಯ ಮಿತಿ 2020ಕ್ಕೆ 20.8 ಕೋಟಿ ಡಾಲರ್. ಬಾಸ್ಟನ್ 2018ರಲ್ಲಿಯೂ 2019ರಲ್ಲಿಯೂ ಮಿತಿ ಮೀರಿದ್ದರಿಂದ ಮೂರನೆಯ ಸಲ ಮೀರಿದರೆ ಮೂಲ ದರವೇ ಶೇ. 50 ಆಗುತ್ತಿತ್ತು. ಬೆಟ್ಸ್‌ನ ಆ ವರ್ಷದ ಸಂಬಳ 2.7 ಕೋಟಿ ಡಾಲರ್. ವರ್ಷಾಂತ್ಯಕ್ಕೆ ಅವನು ಸ್ವತಂತ್ರನಾಗಲಿದ್ದ. ಇನ್ನೊಂದು ಕಡೆ, ಡೇವಿಡ್ ಪ್ರೈಸ್ ಎಂಬ ಬೌಲರ್‌ಗೆ 2015ರಲ್ಲಿ ಕೊಟ್ಟಿದ್ದ ಏಳು ವರ್ಷಗಳ 21.7 ಕೋಟಿ ಡಾಲರ್ ಕರಾರಿನಲ್ಲಿ ಇನ್ನೂ ಮೂರು ವರ್ಷ, 9.6 ಕೋಟಿ ಡಾಲರ್ ಬಾಕಿಯಿತ್ತು. ಬೌಲರ್ ಎಂಬುದು ನಮ್ಮ ಓದುಗರ ಅನುಕೂಲಕ್ಕಾಗಿ. ಅಲ್ಲಿ ಅವನನ್ನು ಪಿಚರ್ ಎನ್ನುತ್ತಾರೆ. ಬಾಸ್ಟನ್ ಇವರಿಬ್ಬರನ್ನೂ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡಕ್ಕೆ ಒಟ್ಟಿಗೆ ಕೊಟ್ಟು, ಪ್ರೈಸ್‌ನ ಬಾಕಿಯಲ್ಲಿ ಅರ್ಧವನ್ನು ತಾನೇ ಭರಿಸುವುದಾಗಿ ಒಪ್ಪಿ, ಪ್ರತಿಯಾಗಿ ಅಲೆಕ್ಸ್ ವರ್ಡೂಗೊ, ಜೀಟರ್ ಡೌನ್ಸ್, ಕಾನರ್ ವಾಂಗ್ ಎಂಬ ಮೂವರು ಯುವಕರನ್ನು ಪಡೆಯಿತು.

ಅಭಿಮಾನಿಗಳು ಎರಡು ಪಾಳೆಯಗಳಾದರು. ವ್ಯವಸ್ಥಾಪಕರ ಪರ ನಿಂತವರ ವಾದವನ್ನು ಯಾವ ವರ್ತಕನೂ ತಳ್ಳಿಹಾಕಲಾರ: ವರ್ಷಾಂತ್ಯಕ್ಕೆ ಕೈತಪ್ಪಿ ಹೋಗುವ ಸರಕನ್ನು ಇಟ್ಟುಕೊಂಡು ಕೂರುವುದಕ್ಕಿಂತ ಈಗ ಬಂದಷ್ಟು ಬೆಲೆಗೆ ಮಾರುವುದು ಲೇಸು, ಉಳಿದ ಹಣದಿಂದ ನಾಳಿನ ತಂಡ ಕಟ್ಟಬಹುದು. ವಿರೋಧಿಗಳ ಮೊದಲ ವಾದ ಭಾವನೆಯದು. ಟಿಕೆಟ್ಟಿನ ದರದಲ್ಲಿ ಲೀಗಿನ ಮುಂಚೂಣಿಯಲ್ಲಿರುವ ಸಂಸ್ಥೆ ತನ್ನ ಅತ್ಯುತ್ತಮ ಆಟಗಾರನಿಗೆ ಹಣವಿಲ್ಲವೆನ್ನುವುದು ಹೇಗೆ? ಆದರೆ ಅವರ ಎರಡನೆಯ ವಾದ ಶುದ್ಧ ವ್ಯಾಪಾರದ್ದು, ನನಗೆ ಹೆಚ್ಚು ತೂಕದ್ದಾಗಿ ತೋರುವುದೂ ಅದೇ. ಓಡದ ಮಾಲನ್ನು ಓಡುವ ಮಾಲಿನ ಜೊತೆ ಗಂಟುಹಾಕಿ ಕೊಡುವ ಪದ್ಧತಿ ಸಗಟು ಪೇಟೆಯಲ್ಲಿ ಎಲ್ಲರೂ ಬಲ್ಲದ್ದೇ. ಪ್ರೈಸ್‌ನ ಬಾಕಿಯನ್ನು ಬೆಟ್ಸ್‌ನ ಬಾಲಕ್ಕೆ ಕಟ್ಟಿದ್ದರಿಂದ, ಬೆಟ್ಸ್‌ಗೆ ಸಿಗಬೇಕಾಗಿದ್ದ ಬೆಲೆಯ ಒಂದು ಪಾಲು ಆ ಬಾಕಿ ತೀರಿಸುವುದಕ್ಕೇ ಹೋಯಿತು. ಮಾರಿದ್ದು ತಪ್ಪೋ ಸರಿಯೋ ಎಂಬುದು ಬೇರೆ. ಮಾರುವಾಗ ಹಳೆಯ ಸಾಲವನ್ನೂ ಅದರೊಳಗೆ ತುರುಕಿದ್ದು ಬೇರೆ.

ಅದೇ ಜುಲೈಯಲ್ಲಿ ಡಾಡ್ಜರ್ಸ್ ತಂಡ ಬೆಟ್ಸ್‌ನಿಗೆ 12 ವರ್ಷಗಳ 36.5 ಕೋಟಿ ಡಾಲರ್ ಕರಾರು ನೀಡಿತು. ಸಾಂಕ್ರಾಮಿಕದ ಕಾರಣ 60 ಪಂದ್ಯಗಳಿಗೆ ಮೊಟಕಾದ ಆ ಋತುವಿನಲ್ಲಿ ಲಾಸ್ ಏಂಜಲೀಸ್ ವಿಶ್ವ ಸರಣಿ ಗೆದ್ದಿತು. ಬಾಸ್ಟನ್ 24 ಗೆದ್ದು 36 ಸೋತು ತನ್ನ ವಿಭಾಗದ ಕೊನೆಗೆ ನಿಂತಿತು. ಆದರೂ 2021ರಲ್ಲಿ ಅದು ವಿಶ್ವ ಸರಣಿಗೆ ಒಂದೇ ಮೆಟ್ಟಿಲು ಕೆಳಗಿನ ಹಂತದವರೆಗೆ ಏರಿದಾಗ ಬ್ಲೂಮ್ ಅವರ ಬೆಂಬಲಿಗರಿಗೆ ಮತ್ತೆ ದನಿ ಬಂದಿತ್ತು. 2022 ಮತ್ತು 2023ರಲ್ಲಿ ಮತ್ತೆ ಕೊನೆಯ ಸ್ಥಾನ; 2023ರ ಸೆಪ್ಟೆಂಬರಿನಲ್ಲಿ ಬ್ಲೂಮ್ ಅವರೂ ಹೊರನಡೆಯಬೇಕಾಯಿತು. ಡೌನ್ಸ್ ಮೂರೇ ವರ್ಷದಲ್ಲಿ ತಂಡದಿಂದ ಹೋದ, ವರ್ಡೂಗೊನನ್ನು ನ್ಯೂಯಾರ್ಕಿನ ಯಾಂಕೀಸ್ ತಂಡಕ್ಕೆ ಕೊಡಲಾಯಿತು. ಬೆಟ್ಸ್ ಲಾಸ್ ಏಂಜಲೀಸಿನಲ್ಲಿ 2024ರಲ್ಲಿಯೂ 2025ರಲ್ಲಿಯೂ ವಿಶ್ವ ಸರಣಿ ಗೆದ್ದ. ಇದೇ ಬಾಸ್ಟನ್ 1919ರ ಡಿಸೆಂಬರಿನಲ್ಲಿ ಬೇಬ್ ರೂತ್ ಎಂಬ ಮಹಾನ್ ಆಟಗಾರನನ್ನು ಒಂದು ಲಕ್ಷ ಡಾಲರಿಗೆ ಯಾಂಕೀಸ್‌ಗೆ ಮಾರಿ, ಮುಂದಿನ ವಿಶ್ವ ಸರಣಿಗಾಗಿ 2004ರವರೆಗೆ ಕಾಯಬೇಕಾಗಿತ್ತು ಎಂಬುದನ್ನು ಅಲ್ಲಿನ ಹಳಬರು ನೆನಪಿಸದೆ ಬಿಡುವುದಿಲ್ಲ.

ಐವತ್ತೊಂಬತ್ತು ಲಕ್ಷದ ಉದ್ರಿ

ಪ್ರತಿ ವರ್ಷ ಜುಲೈ 1ರಂದು ಅಮೆರಿಕದ ಅಭಿಮಾನಿಗಳು ‘ಬಾಬಿ ಬೊನಿಲ್ಲಾ ದಿನ’ವೆಂದು ನಗೆಯಾಡುತ್ತಾರೆ. ಬೊನಿಲ್ಲಾ ನ್ಯೂಯಾರ್ಕ್ ಮೆಟ್ಸ್ ತಂಡದಲ್ಲಿದ್ದವನು. 2000ನೇ ಇಸವಿಗೆ ಅವನಿಗೆ 59 ಲಕ್ಷ ಡಾಲರ್ ಕೊಡುವುದು ಬಾಕಿಯಿತ್ತು, ತಂಡಕ್ಕೆ ಅವನು ಬೇಡವಾಗಿದ್ದ. ಆಗ ಕೊಡುವ ಬದಲು ಶೇ. 8ರ ಬಡ್ಡಿ ಸೇರಿಸಿ, 2011ರಿಂದ 2035ರವರೆಗೆ 25 ಕಂತುಗಳಲ್ಲಿ ಕೊಡುವುದೆಂದು ಒಪ್ಪಂದವಾಯಿತು. ಓದುಗರು ಲೆಕ್ಕ ಹಾಕಿ ನೋಡಬಹುದು: 59 ಲಕ್ಷ, ಶೇ. 8ರ ಚಕ್ರಬಡ್ಡಿಯಲ್ಲಿ 11 ವರ್ಷಕ್ಕೆ ಸುಮಾರು 1 ಕೋಟಿ 37 ಲಕ್ಷ 57 ಸಾವಿರ ಆಗುತ್ತದೆ. ಅದನ್ನು ಅದೇ ದರದಲ್ಲಿ 25 ಮುಂಗಡ ಕಂತುಗಳಾಗಿ ಹಂಚಿದರೆ ವರ್ಷಕ್ಕೆ 11,93,248 ಡಾಲರ್. ಒಟ್ಟು ಸಂದಾಯ ಮೂರು ಕೋಟಿಗೆ ತುಸು ಕಡಿಮೆ.

ಇದನ್ನು ಮೂರ್ಖತನದ ಪರಮಾವಧಿಯೆಂದು ನಗುವವರೇ ಹೆಚ್ಚು. ನಾನು ಅವರ ಪಂಗಡಕ್ಕೆ ಸೇರಲಾರೆ. 2000ದಲ್ಲಿ ಅಮೆರಿಕದ ಬ್ಯಾಂಕುಗಳ ಪ್ರಧಾನ ಸಾಲದ ದರ ವರ್ಷದ ಮಧ್ಯದ ಹೊತ್ತಿಗೆ ಶೇ. 9.5 ಮುಟ್ಟಿತ್ತು, ಶೇ. 8 ಅಂದಿಗೆ ದುಬಾರಿಯಲ್ಲ. ಕೈಯಲ್ಲಿ ಉಳಿದ ಹಣ ತಂಡ ಕಟ್ಟಲು ಅನುವಾಯಿತು, 2000ದಲ್ಲಿ ಮೆಟ್ಸ್ ವಿಶ್ವ ಸರಣಿಯವರೆಗೂ ಹೋಯಿತು ಎಂದು ವಾದಿಸುವ ಅಭಿಮಾನಿಗಳೂ ಇದ್ದಾರೆ. ತೊಂದರೆ ಇದ್ದದ್ದು ದರದಲ್ಲಿ ಅಲ್ಲ, ಅವಧಿಯಲ್ಲಿ. ಮೂವತ್ತೈದು ವರ್ಷಗಳಿಗೆ ಒಂದೇ ದರವನ್ನು ಕಟ್ಟಿಕೊಂಡವರು, ಪೇಟೆಯ ದರ ಇಳಿದಾಗ ಅದರಿಂದ ಬಿಡಿಸಿಕೊಳ್ಳುವ ದಾರಿಯನ್ನು ಇಟ್ಟುಕೊಳ್ಳಲಿಲ್ಲ. ಅಂದಿನ ಮಾಲೀಕರ ಹಣ ದೊಡ್ಡ ಪ್ರಮಾಣದಲ್ಲಿ ಇದ್ದದ್ದು ಬರ್ನಾರ್ಡ್ ಮೇಡಾಫ್ ಎಂಬವನ ಬಳಿ. ಅಲ್ಲಿ ಬರುತ್ತಿದ್ದ ಲಾಭದ ಮುಂದೆ ಶೇ. 8 ಸಣ್ಣದಾಗಿ ಕಂಡಿತ್ತು. ಅದು ಪೂರಾ ವಂಚನೆಯೆಂದು 2008ರ ಡಿಸೆಂಬರಿನಲ್ಲಿ ಬಯಲಾಯಿತು. ಬೊನಿಲ್ಲಾನ ಮೊದಲ ಕಂತು ಬೀಳಲು ಆಗ ಇನ್ನೂ ಎರಡೂವರೆ ವರ್ಷವಿತ್ತು.

ಉದ್ರಿಯ ಇನ್ನೊಂದು ತುದಿ ಶೋಹೆ ಒಟಾನಿಯದು. 2023ರ ಡಿಸೆಂಬರಿನಲ್ಲಿ ಡಾಡ್ಜರ್ಸ್ ಜೊತೆ ಆದ 70 ಕೋಟಿ ಡಾಲರ್ ಕರಾರಿನಲ್ಲಿ ಆಡುವ ಹತ್ತು ವರ್ಷ ಅವನಿಗೆ ಸಿಗುವುದು ವರ್ಷಕ್ಕೆ 20 ಲಕ್ಷ ಮಾತ್ರ. ಉಳಿದ 68 ಕೋಟಿ 2034ರಿಂದ 2043ರವರೆಗೆ, ಬಡ್ಡಿಯಿಲ್ಲದೆ. ಇಂದಿನ ಮೌಲ್ಯಕ್ಕೆ ಇಳಿಸಿದಾಗ ತೆರಿಗೆಯ ಲೆಕ್ಕಕ್ಕೆ ಬರುವುದು ವರ್ಷಕ್ಕೆ 7 ಕೋಟಿಯಲ್ಲ, ಸುಮಾರು 4.6 ಕೋಟಿ. ಇದು ನಿಯಮದೊಳಗಿನ ಜಾಣತನವೋ, ನಿಯಮವನ್ನು ವಂಚಿಸುವ ಉಪಾಯವೋ ಎಂದು ಉಳಿದ 29 ಊರುಗಳ ಅಭಿಮಾನಿಗಳು ಜಗಳವಾಡುತ್ತಾರೆ. ಒಪ್ಪಂದದ ಸಲಹೆ ಆಟಗಾರನ ಕಡೆಯಿಂದಲೇ ಬಂತೆಂಬುದು ಆ ಜಗಳದಲ್ಲಿ ಮರೆತುಹೋಗುತ್ತದೆ.

ಹಣ ಸುರಿದವರು, ಹಿಡಿದವರು

ಹಣವೊಂದೇ ಸಾಲದೆಂಬುದಕ್ಕೆ ಮತ್ತೆ ಮೆಟ್ಸ್ ತಂಡವೇ ಸಾಕ್ಷಿ. 2020ರಲ್ಲಿ ತಂಡವನ್ನು ಕೊಂಡ ಸ್ಟೀವ್ ಕೋಹೆನ್ 2023ಕ್ಕೆ 33 ಕೋಟಿ ಡಾಲರಿಗೂ ಮೀರಿದ ಸಂಬಳದ ಪಟ್ಟಿ ಮಾಡಿ, ಮೇಲೆ ಸುಮಾರು ಹತ್ತು ಕೋಟಿ ತೆರಿಗೆ ತೆತ್ತರು. ಸಿಕ್ಕಿದ್ದು 75 ಗೆಲುವು, 87 ಸೋಲು. ಋತುವಿನ ನಡುವೆಯೇ ಮ್ಯಾಕ್ಸ್ ಷರ್ಜರ್, ಜಸ್ಟಿನ್ ವರ್ಲ್ಯಾಂಡರ್ ಎಂಬ ಹಿರಿಯರಿಬ್ಬರನ್ನು, ಅವರ ಬಾಕಿ ಸಂಬಳದ ದೊಡ್ಡ ಭಾಗವನ್ನು ತಾವೇ ಕೊಡುವುದಾಗಿ ಒಪ್ಪಿ, ಬೇರೆ ತಂಡಗಳಿಗೆ ಸಾಗಿಸಿ ಎಳೆಯ ಆಟಗಾರರನ್ನು ಪಡೆದರು. ಹಾಕಿದ ಹಣ ಹೋಯಿತೆಂದು ಒಪ್ಪಿ ದಾಸ್ತಾನು ಖಾಲಿ ಮಾಡುವ ಧೈರ್ಯ ಎಲ್ಲ ವ್ಯಾಪಾರಿಗಳಿಗೂ ಇರುವುದಿಲ್ಲ.

ಇದಕ್ಕೆ ತದ್ವಿರುದ್ಧ ಓಕ್‌ಲ್ಯಾಂಡ್. 2002ರಲ್ಲಿ ಆ ತಂಡ ಸುಮಾರು 4 ಕೋಟಿ ಡಾಲರ್ ಸಂಬಳದಲ್ಲಿ 103 ಪಂದ್ಯ ಗೆದ್ದಿತು. ಮೂರುಪಟ್ಟು ಖರ್ಚು ಮಾಡಿದ ಯಾಂಕೀಸ್ ಗೆದ್ದದ್ದೂ 103. ಪೇಟೆಯಲ್ಲಿ ಬೆಲೆ ಕಡಿಮೆಯಿದ್ದ ಗುಣಗಳನ್ನು ಗುರುತಿಸಿ ಅಗ್ಗದಲ್ಲಿ ಕೊಳ್ಳುವುದು ಜನರಲ್ ಮ್ಯಾನೇಜರ್ ಬಿಲ್ಲಿ ಬೀನ್ ಅವರ ವಿಧಾನ. ಮೈಕೆಲ್ ಲೂಯಿಸ್ 2003ರಲ್ಲಿ ಆ ಕುರಿತು ‘ಮನಿಬಾಲ್’ ಪುಸ್ತಕ ಬರೆದರು. ಶ್ರೀಮಂತ ತಂಡಗಳೂ ಅದೇ ವಿಧಾನ ಹಿಡಿದ ಮೇಲೆ ಅಗ್ಗದ ಸರಕು ಅಗ್ಗವಾಗಿ ಉಳಿಯಲಿಲ್ಲ. ಬಡತನದ ಜಾಣ್ಮೆಯಾಗಿದ್ದದ್ದು ಕ್ರಮೇಣ ಬರಿಯ ಮಿತವ್ಯಯವಾಯಿತು. 2022ರಲ್ಲಿ ಮ್ಯಾಟ್ ಓಲ್ಸನ್, ಮ್ಯಾಟ್ ಚಾಪ್ಮನ್, ಶಾನ್ ಮರ್ಫಿ ಮೊದಲಾದ ಉತ್ತಮ ಆಟಗಾರರೆಲ್ಲ ಬೇರೆಡೆಗೆ ಹೋದರು. 2023ರಲ್ಲಿ ತಂಡ ಲೀಗಿನಲ್ಲೇ ಅತಿ ಕಡಿಮೆ ಸಂಬಳದ ಪಟ್ಟಿಯೊಡನೆ 112 ಪಂದ್ಯ ಸೋತಿತು. ಪಂದ್ಯಕ್ಕೆ ಸರಾಸರಿ ಹತ್ತು ಸಾವಿರದಷ್ಟು ಜನ. ಗಿರಾಕಿ ಬರುತ್ತಿಲ್ಲವಾದ್ದರಿಂದ ಊರು ಬಿಡುವುದು ಅನಿವಾರ್ಯವೆಂಬಂತೆ ಮಾತುಗಳು ಕೇಳಿಬಂದವು.

ಸರಕು ಕೆಟ್ಟದ್ದರಿಂದ ಗಿರಾಕಿ ಹೋದನೋ, ಗಿರಾಕಿ ಹೋದದ್ದರಿಂದ ಸರಕು ಕೆಟ್ಟಿತೋ? ಅಭಿಮಾನಿಗಳು ಉತ್ತರಿಸಿದ್ದು 2023ರ ಜೂನ್ 13ರಂದು. ಬಹಿಷ್ಕಾರಕ್ಕೆ ವಿರುದ್ಧವಾಗಿ, ಅಂದು ಎಲ್ಲರೂ ಬರಬೇಕೆಂದು ಕರೆ ಕೊಟ್ಟರು. 27,759 ಜನ ಸೇರಿ, ತಂಡವನ್ನು ಮಾರಿಬಿಡಿ ಎಂದು ಮಾಲೀಕ ಜಾನ್ ಫಿಷರ್ ಅವರನ್ನು ಕುರಿತು ಪಂದ್ಯದುದ್ದಕ್ಕೂ ಕೂಗಿದರು. ಓಕ್‌ಲ್ಯಾಂಡ್ ಅಂದು 2-1ರಿಂದ ಗೆದ್ದಿತು. ಅದೇ ವಾರ ನೆವಾಡ ರಾಜ್ಯದ ಶಾಸನಸಭೆ ಲಾಸ್ ವೇಗಸ್‌ನಲ್ಲಿ ಹೊಸ ಕ್ರೀಡಾಂಗಣಕ್ಕೆ 38 ಕೋಟಿ ಡಾಲರ್‌ವರೆಗಿನ ಸಾರ್ವಜನಿಕ ನೆರವನ್ನು ಮಂಜೂರು ಮಾಡಿತು. ನವೆಂಬರಿನಲ್ಲಿ ಉಳಿದ ತಂಡಗಳ ಮಾಲೀಕರು ಸರ್ವಾನುಮತದಿಂದ ಸ್ಥಳಾಂತರಕ್ಕೆ ಒಪ್ಪಿದರು.

1968ರಿಂದ ಆಡಿದ ಆ ಮೈದಾನದಲ್ಲಿ ಕೊನೆಯ ಪಂದ್ಯ ನಡೆದದ್ದು 2024ರ ಸೆಪ್ಟೆಂಬರ್ 26ರಂದು. 46,889 ಮಂದಿ ಬಂದಿದ್ದರು.